ಬೇಯದ ಸೊಪ್ಪಿನ ಕಥೆ

ಆ ದೆವ್ವದ ಧಾರಾವಾಹಿಯ ಒಂದು ಕಥೆಯನ್ನೂ ನಾನು ಕೊನೆಯವರೆಗೆ ನೋಡಿಲ್ಲ. ನೋಡಿದ್ದೇನೆಂದು ಇಷ್ಟು ವರ್ಷ ಹೇಳಿಕೊಂಡು ಬಂದವನು ಈಗ ಒಪ್ಪಿಕೊಳ್ಳುತ್ತಿದ್ದೇನೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಭಾನುವಾರ ಸಂಜೆ ಏಳಕ್ಕೆ ಬರುತ್ತಿತ್ತು. ವಾರಕ್ಕೊಂದು ಹೊಸ ಕಥೆ, ಹೊಸ ದೆವ್ವ. ಮೂರು ತಿಂಗಳು ಓಡಿತೋ ಇಲ್ಲವೋ, ನಿಂತುಹೋಯಿತು. ಆದರೆ ಗುಂಡ್ಲುಪೇಟೆ ಕಡೆ ಇವತ್ತಿಗೂ ಅದರ ಮಾತು ತೆಗೆದರೆ ಜನ ಮೊದಲು ನೆನೆಯುವುದು ಸೊಪ್ಪು ಮಾರುವ ಮುದುಕಿಯ ಕಥೆಯನ್ನು. ಅವಳ ಕಣ್ಣು ಹೇಗೆ ಹೊಳೆಯುತ್ತಿತ್ತೆಂದು ಒಬ್ಬರು, ಹಿಂದೆ ಗೂಬೆ ಹೇಗೆ ಕೂಗಿತೆಂದು ಇನ್ನೊಬ್ಬರು, ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ಅಂಥ ಕಥೆ ಟೀವಿಯಲ್ಲಿ ಬಂದೇ ಇಲ್ಲ. ಅದನ್ನು ಕಟ್ಟಿದವನು ನಾನು.

ಆಗ ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ತೆರಕಣಾಂಬಿಯಿಂದ ಗುಂಡ್ಲುಪೇಟೆಯವರೆಗೂ ಭಾನುವಾರ ಏಳೂವರೆಗೆ ಸರಿಯಾಗಿ ಕರೆಂಟ್ ತೆಗೆಯುತ್ತಿದ್ದರು. ಅರ್ಧ ಕಥೆ ಕಂಡು ಹೆದರಿದ ಜನ ಸೋಮವಾರ ಬೆಳಗಿನ ಬಸ್ಸು ಹತ್ತಿದೊಡನೆ ಟಿಕೆಟ್ಟಿಗಿಂತ ಮೊದಲು ಕೇಳುತ್ತಿದ್ದುದು, ಆಮೇಲೇನಾಯ್ತು ಎಂದು. ನಾನು ಚಾಮರಾಜನಗರ ಟೌನಿನವನು, ನಮಗೆ ಕರೆಂಟಿತ್ತು. ಕಂಬಿ ಹಿಡಿದು ನಿಂತು ಉಳಿದರ್ಧ ಹೇಳುತ್ತಿದ್ದೆ. ಬಸ್ಸಿಗೆ ಬಸ್ಸೇ ಕಿವಿಗೊಡುತ್ತಿತ್ತು. ಅಂಥ ಮರ್ಯಾದೆ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ನಿಜವೇನೆಂದರೆ, ನಾನು ಪುಕ್ಕಲ. ಧಾರಾವಾಹಿಯ ಸಂಗೀತ ಶುರುವಾದೊಡನೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆ ಸೇರುತ್ತಿದ್ದೆ. ನನ್ನ ಹೆಂಡತಿ ಮಾತ್ರ ಕಡಲೆಕಾಯಿ ಸುಲಿಯುತ್ತಾ ಆರಾಮಾಗಿ ನೋಡಿ, ಆಮೇಲೆ ನನ್ನನ್ನು ಗೋಗರೆಸಿ ಕೊನೆಯನ್ನು ಹೇಳುತ್ತಿದ್ದಳು. ಅದೇ ನನ್ನ ಬಂಡವಾಳ. ಒಂದು ಭಾನುವಾರ ಅವಳು ಹಂಗಳದ ತವರಿಗೆ ಹೋಗಿದ್ದಳು. ಒಬ್ಬನೇ ಕೂತೆ. ಸಂಗೀತ ಬಂತು. ಸೌಂಡು ಪೂರ್ತಿ ಕಡಿಮೆ ಮಾಡಿದೆ. ಆದರೂ ಆಗಲಿಲ್ಲ. ಟೀವಿಗೆ ಟವೆಲ್ ಹೊದಿಸಿದೆ. ಟವೆಲ್ಲಿನೊಳಗಿಂದ ಬೆಳಕು ಮಿಣುಕಿದ್ದು ಕಂಡು ಇನ್ನೂ ಭಯವಾಗಿ ಹೊರಗೆ ಜಗಲಿಯಲ್ಲಿ ಕೂತುಬಿಟ್ಟೆ.

ಮರುದಿನ ತೆರಕಣಾಂಬಿಯಲ್ಲಿ ಹತ್ತಿದವರೇ ಮೊದಲರ್ಧ ಹೇಳಿದರು: ಘಾಟಿಯಲ್ಲಿ ಒಂದು ಬಸ್ಸು, ಹರಿದ ಟಿಕೆಟ್ಟಿಗೂ ಕೂತ ತಲೆಗೂ ತಾಳೆಯಾಗದೆ ಒಂದು ತಲೆ ಹೆಚ್ಚು. ಆ ಹೆಚ್ಚಿನ ತಲೆ ಯಾರದು? ನಾನು ಬಸ್ಸಿನ ಉದ್ದಕ್ಕೂ ಕಣ್ಣಾಡಿಸಿದೆ. ಬುಟ್ಟಿ, ಕುಕ್ಕೆ ಹೊತ್ತು ಮಾರಲು ಹೋಗುವವರು ಹಿಂದಿನ ಉದ್ದ ಸೀಟಿನಲ್ಲೇ ಕೂರಬೇಕೆಂಬುದು ನಮ್ಮ ಬಸ್ಸಿನ ಪದ್ಧತಿ. ಅಲ್ಲಿ ದಿನವೂ ಬರುವ ಸೊಪ್ಪಿನವ್ವ ಕೂತಿದ್ದಳು. ಗಂಡ ಸತ್ತಂದಿನಿಂದ ಉಟ್ಟ ಬಿಳಿ ಸೀರೆ, ಹಣೆಗೆ ವಿಭೂತಿ, ತೊಡೆಯ ಮೇಲೆ ಕುಕ್ಕೆ. ಬಾಯಿಗೆ ಅದೇ ಬಂತು. ಹಿಂದಿನ ಸೀಟಿನಲ್ಲಿ ಬಿಳಿ ಸೀರೆಯ ಮುದುಕಿ, ಕುಕ್ಕೆ ತುಂಬ ಸೊಪ್ಪು. ಆ ಸೊಪ್ಪು ಕೊಂಡವರ ಮನೆಯಲ್ಲಿ ಬೆಳಗಿನಿಂದ ಉರಿ ಹಾಕಿದರೂ ಅದು ಬೇಯಲೇ ಇಲ್ಲ ಎಂದೆ. ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಇಂಜಿನ್ ಸದ್ದಿನಲ್ಲಿ ಹಿಂದೆ ಕೂತ ಸೊಪ್ಪಿನವ್ವನಿಗೆ ಒಂದಕ್ಷರವೂ ಕೇಳಿಸಲಿಲ್ಲ.

ಗುಂಡ್ಲುಪೇಟೆಯ ಬೀದಿಗಳಿಗೆ ಕಥೆ ನನ್ನ ಬಸ್ಸಿಗಿಂತ ಜೋರಾಗಿ ಓಡಿತು. ಆಕೆಯ ದಂಟು, ಕೀರೆ, ಸಬ್ಬಸಿಗೆ ಯಾರಿಗೂ ಬೇಡವಾಯಿತು. ಬಾಗಿಲು ತೆರೆದವರು ಸೀರೆ ನೋಡಿ ಮುಚ್ಚುತ್ತಿದ್ದರಂತೆ. ವಾರವಿಡೀ ಬಾಡಿದ ಸೊಪ್ಪನ್ನು ಬಸ್‌ಸ್ಟ್ಯಾಂಡಿನ ಬೀಡಾಡಿ ದನಗಳಿಗೆ ಸುರಿದು, ಖಾಲಿ ಕುಕ್ಕೆ ಹೊತ್ತು ಬಸ್ಸು ಹತ್ತುತ್ತಿದ್ದಳು. ಮೈದುನನ ಮನೆಯಲ್ಲಿದ್ದ ಆಕೆಗೆ ತನ್ನದು ಅಂತ ಇದ್ದದ್ದು ಆ ಕುಕ್ಕೆಯೊಂದೇ. ಶನಿವಾರ ನನ್ನನ್ನು ನಿಲ್ಲಿಸಿ ಕೇಳಿದಳು.

"ಕಂಡಕ್ಟ್ರಪ್ಪ, ಟೀವೀಲಿ ಸೊಪ್ನೋಳ ಕತೆ ಬಂದಿತ್ತಂತೆ. ನೀ ನೋಡ್ದಾ?"

ಮುಂದಿನ ಸೀಟಿನವರೆಲ್ಲ ತಿರುಗಿದರು. "ನೋಡ್ದೆ ಕಣವ್ವ" ಎಂದೆ.

"ಬಿಳೀ ಸೀರೆನೇ ಉಟ್ಟಿದ್ಲಾ?"

"ಊಂ ಕಣವ್ವ."

"ನನ್ನಂಗೆ ಅಣೆಗೆ ಈಬತ್ತಿ ಇಟ್ಟಿದ್ಲಾ?"

"ಇಲ್ಲ ಕಣವ್ವ."

ಆಕೆ ತನ್ನ ಸೆರಗಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. "ಅಂಗಾರೆ ಬುಡು. ಸೀರೇದೇ ತಪ್ಪು."

ಸೋಮವಾರ ತೆರಕಣಾಂಬಿಯಲ್ಲಿ ಬಸ್ಸು ಹತ್ತಿದ್ದು ಗಿಣಿಹಸಿರು ಸೀರೆ. ಅಂಚು ಚೆಂಡುಹೂವಿನ ಬಣ್ಣ. ಯಾರ ಮನೆಯ ಮದುಮಗಳೋ ಎಂದುಕೊಂಡೆ. ತಲೆಯ ಮೇಲೆ ಕುಕ್ಕೆ ಕಂಡಿತು. ಸೊಪ್ಪಿನವ್ವನೇ. ಡ್ರೈವರ್ ಕನ್ನಡಿಯಲ್ಲಿ ನೋಡಿ ಕಾರಣವೇ ಇಲ್ಲದೆ ಉದ್ದಕ್ಕೆ ಹಾರನ್ ಹೊಡೆದ. ಆಕೆ ಸೀದಾ ಹಿಂದೆ ಹೋಗಿ, ಸೆರಗು ಕೊಡವಿ ಕೂತಳು. ಮಧ್ಯಾಹ್ನಕ್ಕೆ ಸೊಪ್ಪೆಲ್ಲ ಮಾರಿ ಕುಕ್ಕೆ ಖಾಲಿ.

ಧಾರಾವಾಹಿ ನಿಂತಿತು, ಭಯವೂ ಹೋಯಿತು, ಆದರೆ ಆಕೆ ಬಿಳಿಗೆ ಮರಳಲಿಲ್ಲ. ಹಸಿರಾದ ಮೇಲೆ ನೀಲಿ, ನೀಲಿಯಾದ ಮೇಲೆ ಕುಂಕುಮದ ಬಣ್ಣ. ನನಗೋ ಎದೆಯಲ್ಲಿ ಮುಳ್ಳು. ಒಂದು ದಿನ ಪಕ್ಕದಲ್ಲಿ ಕೂತು ಮೆಲ್ಲಗೆ ಎಲ್ಲವನ್ನೂ ಹೇಳಿದೆ, ಟವೆಲ್ಲಿನ ಸಂಗತಿಯನ್ನೂ ಬಿಡದೆ. ಬೈಯುತ್ತಾಳೆಂದು ತಲೆ ತಗ್ಗಿಸಿದ್ದೆ. ಆಕೆ ಮೊದಲು ಮುಂದಿನ ಸೀಟಿನತ್ತ ನೋಡಿದಳು, ಯಾರಿಗಾದರೂ ಕೇಳಿಸಿತೋ ಎಂದು.

"ಆ ವಾರದ ಸೊಪ್ಪಿನ ಪಾಪ ನಿನ್ನದೇ ಕಣ್ಲಾ. ಅದ್ನ ನೀನೇ ಒತ್ಕೊ" ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮ ಮೈದ್ನನ್ಗೆ ಬಿಳೀ ಸೀರೆ ದೆವ್ವನ ಟೀವೀಲಿ ತೋರ್ಸವ್ರೆ ಅಂತ ಏಳಿ ಬಣ್ಣ ಉಟ್ಟಿವ್ನಿ. ನಾನಿರಗಂಟ ನೀ ಬಾಯ್ಬುಡ್ಬ್ಯಾಡ" ಎಂದಳು.

ಆಕೆ ಈಗ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊತ್ತುಕೋ ಎಂದದ್ದನ್ನು ಹೊತ್ತುಕೊಂಡೇ ಇದ್ದೇನೆ. ಆದರೆ ಇನ್ನೊಂದು ಸುಳ್ಳೂ ಇದೆ. ಅದಕ್ಕೆ ಪಶ್ಚಾತ್ತಾಪ ಪಡಲು ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ.

ಒಂದು ಬೆಳಿಗ್ಗೆ ಆ ಮೈದುನನೇ ಅತ್ತಿಗೆಯ ಹಿಂದೆ ಬಸ್ಸು ಹತ್ತಿದ. ಕೊಡೆ ಊರಿ ನಿಂತು, ಎಲ್ಲರೆದುರು ನನ್ನನ್ನು ಕೇಳಿದ. ಟೀವಿಯಲ್ಲಿ ಹಾಗೆ ತೋರಿಸಿದ್ದು ದಿಟವೋ, ಇಲ್ಲ ಬಣ್ಣ ಉಡಲು ಇವಳು ಹೂಡಿದ ನೆಪವೋ ಎಂದು. ನಾನು ಟಿಕೆಟ್ ಪುಸ್ತಕ ಕಂಕುಳಿಗೆ ಸೇರಿಸಿ ಶುರುಮಾಡಿದೆ. ಘಾಟಿ ಹೇಳಿದೆ, ಮಂಜು ಹೇಳಿದೆ, ಬಿಳಿ ಸೀರೆಯ ಅಂಚು ಕೂಡ ಬಿಳಿಯೇ ಎಂದೆ. ಹಿಂದಿಲ್ಲದ ಗೂಬೆಯನ್ನು ತಂದು ಕೂರಿಸಿದೆ. ಸೊಪ್ಪಿಗೆ ಮೂರು ಹೊರೆ ಸೌದೆ ಉರಿಸಿಬಿಟ್ಟೆ. ನೋಡಿದ್ದೇವೆಂದು ನಾಲ್ಕು ಜನ ತಾವಾಗಿಯೇ ಸಾಕ್ಷಿ ಹೇಳಿದರು.

ಮೈದುನ ಕೊಡೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. "ಮೂರು ಒರೆ ಸೌದೆಗೂ ಬೇಯ್ಲಿಲ್ವಾ?"

"ಬೇಯ್ಲಿಲ್ಲ."

"ಅಂಗಾರೆ ಬಿಳೀದು ಬ್ಯಾಡ ಬುಡು" ಎಂದು ಆತ ಮುಂದಿನ ಸೀಟಿನಲ್ಲಿ ಕೂತ. ಹಿಂದಿನ ಸೀಟಿನಲ್ಲಿ ಆಕೆ ಕುಂಕುಮದ ಬಣ್ಣದ ಸೆರಗನ್ನು ಬಾಯಿಗೆ ತುರುಕಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಕುಕ್ಕೆ ತೊಡೆಯ ಮೇಲೆ ಕುಣಿಯುತ್ತಿತ್ತು. ರಸ್ತೆಯಲ್ಲಿ ಅಷ್ಟು ಹಳ್ಳಗಳೇನೂ ಇರಲಿಲ್ಲ.