ಹುಣಸೆಹಣ್ಣಿಗೆ ಸಿಕ್ಕ ರೋಮ್ ದೊರೆ

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಡೆದದ್ದು. ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಪುರಾತನ ರೋಮನ್ನರ ಕಂಚಿನ ನಾಣ್ಯ ಕೂಡಿಡುವುದು ನನ್ನ ಹುಚ್ಚು. ಬಂಗಾರದ್ದು ನನಗೆ ಬೇಡ. ಯಾರೋ ಸೊಪ್ಪು, ಮೀನು ಕೊಂಡ ಚಿಲ್ಲರೆ ಕಾಸಿನ ಮೇಲೇ ನನಗೆ ಪ್ರೀತಿ.

ಶಿಡ್ಲಘಟ್ಟದ ಗೆಳೆಯ ರಫೀಕ್ ರೇಷ್ಮೆ ನೂಲಿನ ವ್ಯಾಪಾರಿ. ಅವನ ತೀರಿಹೋದ ತಂದೆ ಹಿಂದೆ ರೋಮನ್ ಕಾಸು ಸಿಗುವ ತಮಿಳುನಾಡಿನ ಕರೂರಿನ ಕಡೆ ಹೋದಾಗ ಕೊಂಡಿದ್ದ ಅಂಥದೊಂದು ಕಾಸು ಅವರ ಮನೆಯ ಟ್ರಂಕಿನಲ್ಲಿತ್ತು. "ಯಾವ ದೊರೇದು ನೋಡಿ ಹೇಳು. ಅಬ್ಬಾದು ಅಂತ ಉಳಿದಿರೋದು ಇದೊಂದೇ, ಹುಷಾರು ಕಣೋ" ಎಂದು ನನ್ನ ಕೈಗಿಟ್ಟಿದ್ದ. ಮೈತುಂಬ ಹಸಿರು ಕಿಲುಬು. ಸಾವಿರ ವರ್ಷಕ್ಕೂ ಮಿಕ್ಕಿದ ಕಿಲುಬು ಎಂದು ನಾನು ಹಿಗ್ಗಿದ್ದೆ. ಹಳೇ ನಾಣ್ಯಕ್ಕೆ ಅದೇ ಮರ್ಯಾದೆ, ತಿಳಿದವರು ಯಾರೂ ಅದನ್ನು ಉಜ್ಜುವುದಿಲ್ಲ.

ಆ ಸಂಜೆ ಮನೆಗೆ ಬಂದರೆ ಅಮ್ಮ ಕಳಶದ ಚೊಂಬು, ದೀಪ ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಬೋರಲು ಹಾಕಿದ್ದಳು. ಪಕ್ಕದಲ್ಲಿ, ನನ್ನ ಮೇಜಿನ ಮೇಲಿದ್ದ ರಫೀಕನ ಕಾಸು, ಫಳಫಳ.

"ಲಕ್ಷ್ಮಮ್ಮನ ಮುಂದೆ ಇಡಣ ಅಂತ ತೊಳ್ದೆ ಕಣಪ್ಪ. ಎಷ್ಟು ಕಿಲುಬು ಹಿಡ್ದಿತ್ತು ಗೊತ್ತಾ!"

ಹಬ್ಬದ ಮನೆಯಲ್ಲಿ ಅಮ್ಮನಿಗೆ ಏನನ್ನಲಿ? ಕಾಸನ್ನು ಬಟ್ಟೆಯಲ್ಲಿ ಒರೆಸಿ ಅವಳ ಕೈಗೇ ಕೊಟ್ಟೆ.

ಹಬ್ಬ ಮುಗಿಸಿ ಶಿಡ್ಲಘಟ್ಟದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಬಾಯಿಪಾಠ ಮಾಡಿದ್ದೇ ಬಂತು. ಕಾಸು ನೋಡುತ್ತಲೇ ರಫೀಕನ ಮುಖ ಸಪ್ಪಗಾಯಿತು. "ಏನೋ ಮಾಡ್ದೆ ಇದನ್ನ?" ಅಂದ. ತಲೆ ತಗ್ಗಿಸಿ ನಡೆದದ್ದು ಹೇಳಿದೆ. ನಮ್ಮ ಸ್ನೇಹ ಇವತ್ತಿಗೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಒಳಗಿಂದ ಬಂದ ಅವನ ತಾಯಿ ಕಾಸನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ "ಹಿಂಗೇ ಇತ್ತು" ಅಂದರು.

"ಇವನ ಅಬ್ಬಾ ಯಾವಾಗ್ಲೂ ಜೇಬಲ್ಲಿ ಇಟ್ಕೊಂಡು ಹೆಬ್ಬೆಟ್ಟಲ್ಲಿ ಉಜ್ತಾನೇ ಇರೋರು ಬೇಟಾ. ಆಗ ಹಿಂಗೇ ಹೊಳೀತಿತ್ತು. ಇವನಿನ್ನೂ ಚಿಕ್ಕೋನು, ನೆನಪಿಲ್ಲ. ಅವರು ಹೋದ್ಮೇಲೆ ಟ್ರಂಕಿಗೆ ಹಾಕಿದ್ವಲ್ಲ, ಆಮೇಲೇ ಕಿಲುಬು ಹಿಡ್ದಿದ್ದು."

ರಫೀಕ್ ಗೋಡೆ ಕಡೆ ತಿರುಗಿಕೊಂಡ. ರೋಮನ್ನರ ಕಾಲದ್ದು ಎಂದು ನಾನು ಕೊಂಡಾಡಿದ್ದ ಕಿಲುಬು, ಆ ಮನೆಯ ಯಜಮಾನರು ಹೋದ ಮೇಲಿನದು. "ನಿಮ್ಮ ಅಮ್ಮನ್ನ ಒಂದಿನ ಕರ್ಕೊಂಡು ಬಾ, ಚಾ ಕುಡೀಲಿ" ಅಂದರು ಆ ತಾಯಿ.

ಈಗ ಹಳೇ ಕಾಸು ಕೈಗೆ ಸಿಕ್ಕರೆ, ಅದರ ಮೇಲಿನ ದೊರೆ ಯಾರೆಂದು ನೋಡುವ ಮೊದಲು, ಯಾರ ಜೇಬಿನಲ್ಲಿತ್ತೋ ಎಂದು ಯೋಚಿಸುತ್ತೇನೆ. ಮೊನ್ನೆ ಶಿಡ್ಲಘಟ್ಟಕ್ಕೆ ಹೋಗಿದ್ದೆ. ಆ ಕಾಸು ಟ್ರಂಕಿನಲ್ಲಿಲ್ಲ. ರಫೀಕನ ತಾಯಿ ನನ್ನ ಜೊತೆ ಮಾತಾಡುತ್ತಲೇ ಅದನ್ನು ಹೆಬ್ಬೆಟ್ಟಿನಿಂದ ಉಜ್ಜುತ್ತಿದ್ದರು.