ಹೋದದ್ದು ವಾಸನೆಯಲ್ಲ, ಮೂಗು

“ನಿನ್ನ ಊಟದ ಡಬ್ಬಿಯ ಇಂಗಿನ ಸಾರಿನ ವಾಸನೆಗೆ ಇದು ಕೂಗ್ತಾ ಉಂಟು ಮಾರಾಯ!” ಎಂದು ಎಂಜಿನಿಯರ್ ಶೆಟ್ಟರು ನಕ್ಕರು. ಮೇಜಿನ ಮೇಲಿದ್ದ ಗ್ಯಾಸ್ ಡಿಟೆಕ್ಟರ್ ಬಡಿದುಕೊಳ್ಳುತ್ತಿತ್ತು. ರೂಮಿನಲ್ಲಿ ಕೊಳೆತ ಮೊಟ್ಟೆಯ ವಾಸನೆ.

ಸಿಯಾಟಲ್ ಹತ್ತಿರದ ನಾರ್ತ್ ಕ್ರೀಕ್‌ನಲ್ಲಿ ನಮ್ಮ ವರ್ಕ್‌ಶಾಪ್. ಎಣ್ಣೆ ಬಾವಿಗಳಲ್ಲಿ ಗಂಧಕದ ವಿಷಗಾಳಿ ಎದ್ದರೆ ಕೂಗಿ ಎಚ್ಚರಿಸುವ ಡಿಟೆಕ್ಟರ್‌ಗಳನ್ನು, ಸಿಲಿಂಡರಿನಿಂದ ಅದೇ ಗ್ಯಾಸ್ ಬಿಟ್ಟು ಪರೀಕ್ಷೆ ಮಾಡುತ್ತೇವೆ.

“ನೋಡು, ಈಗ ವಾಸನೆಯೂ ಹೋಯ್ತು,” ಎಂದು ಶೆಟ್ಟರು ಡಿಟೆಕ್ಟರ್ ಆಫ್ ಮಾಡಲು ಕೈ ಚಾಚಿದರು. ನನಗೂ ವಾಸನೆ ಬರುತ್ತಿರಲಿಲ್ಲ. ಡಿಟೆಕ್ಟರ್ ಮಾತ್ರ ಇನ್ನೂ ಕೂಗುತ್ತಿತ್ತು.

“ಹೋಗಿರೋದು ವಾಸನೆ ಅಲ್ಲ ಸಾರ್, ನಮ್ಮ ಮೂಗು! ನಡೀರಿ ಆಚೆ!” ಎಂದು ಅವರ ತೋಳು ಹಿಡಿದು ಹೊರಗೆಳೆದೆ. ಈ ಗ್ಯಾಸ್ ಮೊದಲು ಮೂಗನ್ನು ಕೆಡಿಸುತ್ತದೆ, ಆಮೇಲೆ ಆಳನ್ನು ಬೀಳಿಸುತ್ತದೆ. ಪಾರ್ಕಿಂಗ್ ತಲುಪುವಷ್ಟರಲ್ಲಿ ಶೆಟ್ಟರು ಕೆಮ್ಮಿ ಕೆಮ್ಮಿ ಕುಸಿದು ಕೂತರು. ನಾನು ಫೋನ್ ಮಾಡಿ ಕರೆಸಿದ ಫೈರ್‌ನವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ನೋಡಿದರೆ, ಸಿಲಿಂಡರಿನ ವಾಲ್ವ್ ಸೋರುತ್ತಿತ್ತು.

ಈಗ ಹೊಸದಾಗಿ ಬರುವ ಎಂಜಿನಿಯರುಗಳಿಗೆ ಮೊದಲ ಪಾಠ ಹೇಳುವವನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು. ಶೆಟ್ಟರು ಮುಂದಿನ ಸಾಲಿನ ಕುರ್ಚಿಯಲ್ಲೇ ಕೂರುತ್ತಾರೆ. ಇಷ್ಟೇ, ಇನ್ನು ಹೇಳುವುದೇನಿಲ್ಲ.