ಆಸನ ಹೊಲಿದವರ ಸವಾರಿ

ಕಾರಿನಲ್ಲಿ ಕುಳಿತೊಡನೆ ನನಗೆ ನಿದ್ದೆ ಬರುತ್ತದೆ. ಇದು ರೋಗವೋ ವರವೋ ಎಂಬುದನ್ನು ವೈದ್ಯರಾಗಲಿ ಜ್ಯೋತಿಷಿಗಳಾಗಲಿ ಈವರೆಗೆ ಖಚಿತವಾಗಿ ಹೇಳಿಲ್ಲ. ಹಾನಗಲ್ಲಿನ ನಮ್ಮ ಮನೆಯೆದುರು ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿದ್ದು ನೆನಪಿರುತ್ತದೆ. ಅದಾದ ಮೇಲಿನ ನೆನಪೆಂದರೆ ಊರು ಬಂತೆಂದು ಯಾರೋ ಭುಜ ಅಲುಗಿಸಿದ್ದು. ನಡುವಿನ ಭತ್ತದ ಗದ್ದೆ, ಕೆರೆಯ ಏರಿ, ಗೋವಿನಜೋಳದ ಹೊಲ, ರಸ್ತೆಗಡ್ಡ ಬಂದ ಕುರಿಯ ಹಿಂಡು ಎಲ್ಲವೂ ನನ್ನ ಪಾಲಿಗೆ ಸ್ವಪ್ನಸಾಮ್ರಾಜ್ಯದ ಆಸ್ತಿ. ನನ್ನ ಹೆಂಡತಿ ಇದನ್ನು ಯೋಗನಿದ್ರೆಯೆಂದು ಬಂಧುಗಳ ಮುಂದೆ ಸಮರ್ಥಿಸಿಕೊಳ್ಳುತ್ತಾಳೆ. ಮನೆಯೊಳಗೆ ಮಾತ್ರ ಅದಕ್ಕೆ ಬೇರೆ ಹೆಸರಿದೆ.

ನಿದ್ರಿಸುವವನು ದಿಂಬನ್ನು ಸ್ಮರಿಸುವುದಿಲ್ಲ. ನಾನೂ ಅಷ್ಟು ವರ್ಷ ಅಷ್ಟು ಕಾರುಗಳಲ್ಲಿ ಗೊರಕೆ ಹೊಡೆದವನು, ನನ್ನ ಬೆನ್ನಿಗೆ ಆತುಕೊಂಡ ಆಸನವನ್ನು ಯಾರಾದರೂ ಹೊಲಿದಿರಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಜ್ಞಾನೋದಯವಾದದ್ದು ನನ್ನ ಅಕ್ಕ ಗಿರಿಜಕ್ಕನಿಂದ. ಶಿಗ್ಗಾವಿಯ ಅಂಚಿನಲ್ಲಿ, ಬಂಕಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ಅವಳದೊಂದು ತಗಡಿನ ಶೆಡ್ಡಿದೆ. ಮೊದಲು ಅಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಆಮೇಲೆ ಒಂದು ಕಾರು ಕಂಪನಿಯವರು ಅಕ್ಕನ ಹೊಲಿಗೆಯ ಗಟ್ಟಿತನ ಮೆಚ್ಚಿ, ಕತ್ತರಿಸಿದ ದಪ್ಪ ಬಟ್ಟೆಯನ್ನು ಲಾರಿಯಲ್ಲಿ ಕಳಿಸತೊಡಗಿದರು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಅದನ್ನು ಸೀಟಿನ ಕವಚವಾಗಿ ಹೊಲಿದು ಕೊಡುತ್ತಿದ್ದರು. ಲಾರಿ ಅದನ್ನು ಹೊತ್ತು ಎಲ್ಲೋ ದೂರದ ಕಾರ್ಖಾನೆಗೆ ಹೋಗುತ್ತಿತ್ತು. ಆ ಕಾರನ್ನು ಮಾತ್ರ ಅವರಲ್ಲಿ ಯಾರೂ ಹತ್ತಿರದಿಂದ ಕಂಡಿರಲಿಲ್ಲ.

ಕಾಣದ್ದರಿಂದಲೇ ಇರಬೇಕು, ಅವರಿಗೆ ಆ ಕಾರಿನ ಬಗ್ಗೆ ಕನಸುಗಳಿದ್ದವು. ಹತ್ತು ಯಂತ್ರಗಳು ಒಟ್ಟಿಗೆ ಗುಂಯ್‌ಗುಡುವಾಗ ಆ ಶೆಡ್ಡು ಮಧ್ಯಾಹ್ನದ ಜೇನುಗೂಡಿನಂತಿರುತ್ತಿತ್ತು. ಆ ಝೇಂಕಾರದಲ್ಲಿ ಯಾರಿಗಾದರೂ ಮನಸ್ಸು ತೇಲುವುದೇ. ಸವಣೂರಿನಿಂದ ಬರುತ್ತಿದ್ದ ಮೆಹಬೂಬಿ ತಾನು ಹೊಲಿದ ಪ್ರತಿಯೊಂದು ಸೀಟಿಗೂ ಒಬ್ಬ ಪ್ರಯಾಣಿಕನನ್ನು ಕಲ್ಪಿಸುತ್ತಿದ್ದಳು. "ಇದರ ಮ್ಯಾಲ ಹೊಸಾ ಮದುವಿ ಹುಡುಗಿ ಕುಂಡ್ರತಾಳ ನೋಡ್ರಿ, ತವರುಮನಿ ದಾಟೂ ಮಟ ಅಳತಾಳ, ಆಮ್ಯಾಗ ಕಿಟಕ್ಯಾಗ ನೋಡಕೋಂತ ನಗತಾಳ" ಎನ್ನುತ್ತಿದ್ದಳು. ಹತ್ತಿಮತ್ತೂರಿನ ಶಾಂತವ್ವ ಅವರೆಲ್ಲರಲ್ಲಿ ಹಿರಿಯಳು, ಮಾತು ಕಡಿಮೆ. ಅವಳು ಕೇಳುತ್ತಿದ್ದುದು ಒಂದೇ: "ಅಕಿ ಅತ್ತಿದ್ದು ನನ್ನ ಬಟ್ಟಿಗೆ ಕಲೆ ಆದ್ರ ಯಾರ ಒರಸ್ತಾರ?"

ಹೀಗಿರುವಾಗ ಆ ಕಂಪನಿ ಮುಳುಗುತ್ತಿದೆಯೆಂಬ ಸುದ್ದಿ ಬಂತು. ಜನ ಬೇರೆ ಕಾರುಗಳನ್ನು ಮೆಚ್ಚಿಕೊಂಡಿದ್ದರು, ಇದರ ಗಿರಾಕಿಗಳು ಕರಗಿದ್ದರು. ಸರ್ಕಾರ ಕೈಹಿಡಿದರೆ ಉಂಟು, ಇಲ್ಲವಾದರೆ ಬಾಗಿಲಿಗೆ ಬೀಗ. ಟಿವಿಯಲ್ಲಿ ವಾದವೋ ವಾದ. ಸೋತ ಕಂಪನಿಯನ್ನು ಪ್ರಜೆಗಳ ದುಡ್ಡಿನಲ್ಲಿ ಎತ್ತಬೇಕೆ, ಬೀಳಲು ಬಿಡಬೇಕೆ? ಸರ್ಕಾರವೆಂಬ ಪದದ ಹೊಟ್ಟೆಯಲ್ಲೇ ಒಂದು ಕಾರು ಇರುವುದರಿಂದ ಈ ನಂಟು ಹಳೆಯದಿರಬಹುದೆಂದು ನಾನು ಚಟಾಕಿ ಹಾರಿಸಿದೆ. ಮನೆಯಲ್ಲಿ ಯಾರೂ ನಗಲಿಲ್ಲ.

ನಾನು ಅರ್ಥಶಾಸ್ತ್ರದ ನಿವೃತ್ತ ಉಪನ್ಯಾಸಕ. ಅರ್ಥಶಾಸ್ತ್ರದ ಮಾಸ್ತರನಿಗೆ ನಿವೃತ್ತಿಯಾದ ಮೇಲೆ ಉಳಿಯುವುದು ಅಭಿಪ್ರಾಯಗಳು ಮಾತ್ರ, ಅವನ್ನು ಅವನು ಧಾರಾಳವಾಗಿ ಹಂಚುತ್ತಾನೆ. ಆ ವಾರ ಅಕ್ಕನ ಶೆಡ್ಡಿಗೆ ಹೋದವನೇ, ಒಂದು ಬಟ್ಟೆಯ ಗಂಟಿನ ಮೇಲೆ ಆಸೀನನಾಗಿ ನನ್ನ ಹಳೆಯ ಪಾಠ ಒಪ್ಪಿಸಿದೆ. ಸೋತದ್ದನ್ನು ಸಾಯಲು ಬಿಡಬೇಕು. ಆಗ ಅಲ್ಲಿ ಸಿಕ್ಕಿಬಿದ್ದಿದ್ದ ಬಂಡವಾಳ, ಶ್ರಮ, ಬುದ್ಧಿ ಎಲ್ಲವೂ ಬಿಡುಗಡೆಗೊಂಡು ಲಾಭವಿರುವ ಕಡೆಗೆ ತಾವಾಗಿ ಹರಿದುಹೋಗುತ್ತವೆ ಎಂದೆ.

ಗಿರಿಜಕ್ಕ ನೂಲಿನ ಉಂಡೆ ಬಿಚ್ಚುತ್ತ ಕೇಳಿಸಿಕೊಂಡಳು. "ಹರದು ಎಲ್ಲಿಗೆ ಹೋಗ್ತಾವೋ ತಮ್ಮಾ? ಶಾಂತವ್ವ ಏನು ಕಾಲಿವಿ ನೀರ? ಅಕಿ ಮನಿ ಹತ್ತಿಮತ್ತೂರಾಗ ಐತಿ, ಬಸ್ಸು ಒಂದ ಐತಿ."

ನನಗೆ ಅನಿರೀಕ್ಷಿತವಾಗಿ ಬೆಂಬಲ ದೊರೆತದ್ದು ಶಾಂತವ್ವನಿಂದಲೇ. ಅವಳು ಯಂತ್ರ ನಿಲ್ಲಿಸಿದಳು. "ಸರ್ ಹೇಳೂದು ಖರೇ ಐತ್ರಿ ಅಕ್ಕಾರ. ಸಾಯೂದು ಸಾಯ್ಲಿ. ನಮ್ಮಪ್ಪಂದು ಸವಣೂರ ಕಡೆ ಎಲಿಬಳ್ಳಿ ತ್ವಾಟ ಇತ್ತು. ರೋಗ ಬಂದು ಬಳ್ಳಿ ಬುಡದಾಗ ಕೊಳತು. ನಮ್ಮಪ್ಪ ತಾನ ನಿಂತು ಎಲ್ಲಾ ಬಳ್ಳಿ ಕಿತ್ತ. ಕಿತ್ತು ಕಿತ್ತು ಬದುವಿನ ಮ್ಯಾಲ ಒಟ್ಟಿ, ಅದರ ಬಾಜೂಕ ಕುಂತ. ಯಾವ ಸರಕಾರ ಬಂದಿತ್ರಿ ಆವಾಗ? ಟಿವ್ಯಾಗ ಯಾರ ಜಗಳಾಡಿದ್ರು ನಮ್ಮ ಎಲಿ ಸಲುವಾಗಿ? ನಮ್ಮ ಬಳ್ಳಿ ಸತ್ತಂಗ ಅವರ ಕಾರೂ ಸಾಯ್ಲಿ."

ಇಷ್ಟು ಹೇಳಿ ಅವಳು ಮತ್ತೆ ಯಂತ್ರ ತುಳಿದಳು. ನನ್ನ ಸಿದ್ಧಾಂತಕ್ಕೆ ಅಷ್ಟು ದೊಡ್ಡ ಜಯ ತರಗತಿಯಲ್ಲಿ ಎಂದೂ ಸಿಕ್ಕಿರಲಿಲ್ಲ. ಆದರೂ ನನಗೆ ಖುಷಿಯಾಗಲಿಲ್ಲ. ನಾನು ತಣ್ಣಗೆ ಹೇಳಿದ ಮಾತನ್ನೇ ಅವಳು ಬಿಸಿಯಾಗಿ ಹೇಳಿದ್ದಳು. ನನ್ನ ಬಾಯಲ್ಲಿ ಅದು ನಿಯಮವಾಗಿತ್ತು, ಅವಳ ಬಾಯಲ್ಲಿ ನೋವಾಗಿತ್ತು. ತನ್ನ ಕೈಯ ಕೆಲಸವೇ ಹೋಗುವುದೆಂದು ಗೊತ್ತಿದ್ದೂ 'ಸಾಯ್ಲಿ' ಎಂದವಳ ಪಕ್ಕದಲ್ಲಿ, ಪಿಂಚಣಿ ಬರುವ ನಾನು 'ಸಾಯಲಿ' ಎಂದು ಕುಳಿತಿರುವುದು ಅಷ್ಟು ಶೋಭಿಸಲಿಲ್ಲ. ಚಹಾ ಕುಡಿದು ಎದ್ದೆ.

ಕೆಲವು ದಿನಗಳ ಮೇಲೆ ಮತ್ತೆ ಅಲ್ಲಿಗೆ ಹೋದಾಗ ಶೆಡ್ಡಿನ ಮುಂದೆ ಆ ಕಾರೇ ನಿಂತಿತ್ತು. ಹೊಲಿಗೆ ಪರೀಕ್ಷಿಸಲು ಕಂಪನಿಯಿಂದ ಆಗಾಗ ಬರುತ್ತಿದ್ದ ಪಾಟೀಲರು, ಯಾವಾಗಲೂ ಬಸ್ಸಿಗೆ ಬರುತ್ತಿದ್ದವರು, ಈ ಸಲ ಕಂಪನಿಯ ಕಾರಿನಲ್ಲೇ ಬಂದಿದ್ದರು. ತೆಳು ಮೈಯ, ಸಂಕೋಚದ ಮನುಷ್ಯ. ಮುಂದಿನ ಲಾರಿ ಬರುವುದೋ ಇಲ್ಲವೋ ತನಗೇ ತಿಳಿಯದು, ತನ್ನ ಕೆಲಸವೂ ತೂಗುಯ್ಯಾಲೆಯಲ್ಲಿದೆ ಎಂದು ಹೇಳಲು ಬಂದಿದ್ದರು. ಹೆಣ್ಣುಮಕ್ಕಳ ಕಣ್ಣು ಮಾತ್ರ ಬಾಗಿಲಾಚೆಯ ಕಾರಿನ ಮೇಲೆ.

ಗಿರಿಜಕ್ಕ ಕಾರಿನ ಕಡೆ ಕೈ ತೋರಿಸಿದಳು. "ಪಾಟೀಲರ, ನೀವು ಏನರ ಹೇಳ್ರಿ, ಇವತ್ತು ನಮ್ಮ ಹುಡುಗ್ಯಾರನ್ನ ಒಂದು ರೌಂಡ್ ಹೊಡಿಸಿಕೊಂಡ ಹೋಗ್ರಿ. ಬಟ್ಟಿ ಹೊಲದಾರ, ಬಾಡಗಿ ಕೇಳಬ್ಯಾಡ್ರಿ."

ಪಾಟೀಲರು ನಕ್ಕರು. ಅಂದು ಅವರು ನಕ್ಕದ್ದು ಅದೊಂದೇ ಸಲವಿರಬೇಕು. ಪಾಳಿಯ ಮೇಲೆ ಹೋಗೋಣವೆಂದರು. ಮೊದಲ ಪಾಳಿಗೆ ಮುಂದೆ ನಾನು, ಹಿಂದೆ ಗಿರಿಜಕ್ಕ, ಮೆಹಬೂಬಿ, ಶಾಂತವ್ವ. ಶಾಂತವ್ವ ಬರುವುದಿಲ್ಲವೆಂದು ಹಟ ಹಿಡಿದಿದ್ದಳು. ಮೆಹಬೂಬಿ ಕೈಹಿಡಿದು ಎಳೆದು ಕೂರಿಸಿದಳು.

ಓದುಗ ಮಹಾಶಯರೇ, ಆ ಸಂಜೆ ಕಾರಿನಲ್ಲಿ ನನಗೆ ನಿದ್ದೆ ಬರಲಿಲ್ಲ. ನನ್ನ ಜೀವನಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ (ಅಂಥ ನಿರುದ್ಯೋಗಿ ಎಲ್ಲಿಯೋ ಇರಬಹುದು) ಈ ಸಂಗತಿಯನ್ನು ಮರೆಯಬಾರದು. ಬಂಕಾಪುರದ ಕೋಟೆಯ ಬದಿಗೆ ಬರುವಷ್ಟರಲ್ಲಿ ಬಿಸಿಲು ಹಳದಿಯಾಗಿ, ಆಮೇಲೆ ಜೇನಿನ ಬಣ್ಣವಾಗಿ, ಮುಳ್ಳುಕಂಟಿಗಳ ಮೇಲೆಲ್ಲ ಸವರಿಕೊಂಡಿತ್ತು. ಕಾರು ನೀರಿನ ಮೇಲಿನ ಎಲೆಯಂತೆ ಸದ್ದಿಲ್ಲದೆ ತೇಲುತ್ತಿತ್ತು. ಹಳೆಯ ಕಂದಕದ ಅಂಚಿನಲ್ಲಿ ಒಂದು ಗಂಡು ನವಿಲು ತನ್ನ ಉದ್ದನೆಯ ಬಾಲವನ್ನು ಮಹಾರಾಣಿಯ ಸೆರಗಿನಂತೆ ಎಳೆದುಕೊಂಡು ರಸ್ತೆ ದಾಟಿತು. ಪಾಟೀಲರು ಕಾರು ನಿಲ್ಲಿಸಿದರು. ಅದಕ್ಕೇನೂ ಅವಸರವಿರಲಿಲ್ಲ, ನಮಗೂ ಇರಲಿಲ್ಲ. ಕಂಪನಿ ಉಳಿಯುವುದೋ ಅಳಿಯುವುದೋ ಎಂಬ ಚಿಂತೆ ಆ ನವಿಲು ದಾಟುವವರೆಗೆ ರಸ್ತೆಯಾಚೆಯೇ ನಿಂತಿತ್ತು.

ಮೆಹಬೂಬಿ ಕಿಟಕಿಗೆ ಹಣೆ ಹಚ್ಚಿ, "ಯಾ ಅಲ್ಲಾ, ಎಷ್ಟ ಮೆತ್ತಗ ಐತಿ!" ಎಂದಳು. ಹೊರಗಿನ ಲೋಕವನ್ನು ಕುರಿತೋ ಕೆಳಗಿನ ಸೀಟನ್ನು ಕುರಿತೋ ತಿಳಿಯಲಿಲ್ಲ.

ಹಿಂದೆ ತಿರುಗಿದರೆ ಶಾಂತವ್ವ ನವಿಲನ್ನು ನೋಡುತ್ತಿರಲಿಲ್ಲ. ಅವಳ ಬೆರಳುಗಳು ಸೀಟಿನ ಅಂಚಿನಗುಂಟ, ಕತ್ತಲಲ್ಲಿ ಗೋಡೆ ತಡವುವವರಂತೆ, ನಿಧಾನವಾಗಿ ಹರಿದಾಡುತ್ತಿದ್ದವು. ಮೂಲೆಗೆ ಬಂದು ನಿಂತವು. ಎರಡನೆಯ ಸಲ ಅದೇ ಜಾಗಕ್ಕೆ ಬಂದವು.

"ಇದು ನಂದ್ರಿ," ಎಂದಳು ಶಾಂತವ್ವ. "ಮೂಲ್ಯಾಗ ನಾ ಒಂದು ಹೊಲಿಗಿ ಹಿಂದ ಹಾಕಿ ತಿರವತೇನಿ. ಯಾರೂ ಹಂಗ ಹಾಕೂದಿಲ್ಲ. ಇದು ನನ್ನ ಕೈಯಾಂದು."

ಅವಳು ಅಂಗೈಯನ್ನು ಆ ಮೂಲೆಯ ಮೇಲೆ, ಮಲಗಿದ ಕೂಸಿನ ತಲೆಯ ಮೇಲಿಡುವಂತೆ ಇಟ್ಟುಕೊಂಡಳು. ಕಾರು ಹೊರಟು, ಕೋಟೆಯ ಬದಿ ಹಿಂದಾಗಿ, ಹೆದ್ದಾರಿಯ ಗದ್ದಲ ಹತ್ತಿರವಾದಾಗ ಬಹಳ ಸಣ್ಣ ದನಿಯಲ್ಲಿ, "ಇದು ಸಾಯಬಾರದ್ರಿ, ಅಕ್ಕಾರ" ಎಂದಳು. ನಾನು ಮುಂದೆ ನೋಡುತ್ತಾ ಕುಳಿತೆ.

ಕಂಪನಿ ಸಾಯಲೂ ಇಲ್ಲ. ಸರ್ಕಾರ ಕೈಹಿಡಿಯಿತು. ಸುದ್ದಿ ಬಂದ ದಿನ ಗಿರಿಜಕ್ಕ ಶೆಡ್ಡಿನವರಿಗೆಲ್ಲ ಮಂಡಕ್ಕಿ ಗಿರಮಿಟ್ಟು, ಮಿರ್ಚಿ ಭಜಿ ತರಿಸಿದಳು. ನನಗೂ ಫೋನು ಬಂತು: "ನಿನ್ನ ಶಾಸ್ತ್ರ ಸೋಲ್ತು, ಬಂದು ಮಿರ್ಚಿ ತಿನ್ನು." ಹೋಗಿ ತಿಂದೆ. ಸೋಲು ಅಷ್ಟು ಖಾರವಾಗಿ, ಅಷ್ಟು ರುಚಿಯಾಗಿ ಇರುವುದೆಂದು ನನಗೆ ತಿಳಿದಿರಲಿಲ್ಲ. ಆಸನ ಹೊಲಿಯುವವರಿಗೆ ಆಶ್ವಾಸನ ಸಿಕ್ಕಿತೆಂದು ನಾನೊಂದು ಶ್ಲೇಷೆ ಒಗೆದೆ; ಈ ಸಲ ಎಲ್ಲರೂ ನಕ್ಕರು, ಮಿರ್ಚಿಯ ಪ್ರಭಾವ.

ಮುಂದಿನ ಲಾರಿ ಬರಲೇ ಇಲ್ಲ. ಬದಲಿಗೆ ಪಾಟೀಲರು ಬಸ್ಸಿಳಿದು ನಡೆದು ಬಂದರು. ಕಂಪನಿ ಉಳಿದಿತ್ತು, ಅವರ ಕೆಲಸವೂ ಉಳಿದಿತ್ತು. ಆದರೆ ನೆರವು ಪಡೆದ ಕಂಪನಿ ಖರ್ಚಿಗೆ ಕಡಿವಾಣ ಹಾಕಿ ತೋರಿಸಬೇಕಿತ್ತು. ಸೀಟುಗಳನ್ನು ಇನ್ನು ಮೇಲೆ ಕಾರ್ಖಾನೆಯ ಮಗ್ಗುಲಲ್ಲೇ, ದೊಡ್ಡ ಯಂತ್ರಗಳಲ್ಲಿ ಹೊಲಿಯುತ್ತಾರಂತೆ. ಅವರು ಇಷ್ಟನ್ನೂ ನೆಲ ನೋಡುತ್ತಾ ಹೇಳಿದರು. ಹಡಗನ್ನು ದಡಕ್ಕೆ ತಂದಿದ್ದರು, ಹಗುರ ಮಾಡಲು ನಮ್ಮವರನ್ನು ನೀರಿಗಿಳಿಸಿದ್ದರು.

ನನಗೆ ಸಿಟ್ಟು ಬಂತು. ಇಳಿವಯಸ್ಸಿನಲ್ಲಿ ನನ್ನ ಸಿಟ್ಟು ವ್ಯಾಕರಣಬದ್ಧವಾಗಿ ಬರುತ್ತದೆ. ದೀರ್ಘ ವಾಕ್ಯಗಳಲ್ಲಿ ಸರ್ಕಾರವನ್ನೂ ಕಂಪನಿಯನ್ನೂ ತರಾಟೆಗೆ ತೆಗೆದುಕೊಂಡೆ. ಆ ಕಂಪನಿ ಮುಳುಗಿದ್ದರೇ ಚೆನ್ನಾಗಿತ್ತು ಎಂದೆ.

"ಹಂಗ ಅನಬ್ಯಾಡ," ಎಂದಳು ಗಿರಿಜಕ್ಕ. ಅವಳ ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ಬದುಕ್ಲಿ ಬಿಡು. ಅಲ್ಲೂ ನಮ್ಮಂಥಾ ಮಂದೀನ ಅದಾರ. ಪಾಟೀಲರ ಮನ್ಯಾಗ ಇವತ್ತು ಒಲಿ ಹತ್ತೇತಿ, ಅದು ಸುಳ್ಳಾತೇನ?" ಎಂದು ಪಾಟೀಲರ ಕಡೆ ತಿರುಗಿ, "ನೀವು ಕುಂತು ಊಟಾ ಮಾಡ್ರಿ. ಬಿಸಿಲಾಗ ನಡದ ಬಂದೀರಿ" ಎಂದಳು.

ಪಾಟೀಲರು ಉಂಡರು. ಎದ್ದು ಹೋಗುವಾಗ ಶಾಂತವ್ವನಿಗೆ ಕೈಮುಗಿದರು.

ಆಮೇಲಿನ ತಿಂಗಳುಗಳಲ್ಲಿ ಶೆಡ್ಡಿನ ಝೇಂಕಾರ ಕ್ಷೀಣಿಸಿತು. ಕೆಲವರು ಬೇರೆ ಕೆಲಸ ಹುಡುಕಿಕೊಂಡರು. ಮೆಹಬೂಬಿ ಸವಣೂರಿನಲ್ಲೇ ಹೊಲಿಗೆ ಅಂಗಡಿ ತೆರೆದಳು. ಈಗ ಮದುವೆ ಹೆಣ್ಣುಗಳು ಕಲ್ಪನೆ ಬಿಟ್ಟು ಕುಪ್ಪಸದ ಅಳತೆಗೆ ಖುದ್ದಾಗಿ ಬರುತ್ತಾರೆ. ಉಳಿದ ಕೆಲವರು ಟ್ರ್ಯಾಕ್ಟರ್ ಸೀಟು, ಆಟೋ ಹುಡ್ಡು, ಹಿರೇಕೆರೂರಿನ ಕಡೆಯಿಂದ ಬಂದ ಟೆಂಪೋಗಳ ಟಾರ್ಪಾಲು ಎಂದು ಕೈಗೆ ಬಂದದ್ದನ್ನು ಹೊಲಿದರು. ಶಾಂತವ್ವ ಹತ್ತಿಮತ್ತೂರಿನ ಬಸ್ಸಿಗೆ ಬರುವುದನ್ನು ಬಿಡಲಿಲ್ಲ.

ಸರ್ಕಾರ ಸೋತ ಕಂಪನಿಗಳನ್ನು ಎತ್ತಬೇಕೆ ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಗಂಟಲು ಸರಿಪಡಿಸಿಕೊಳ್ಳುತ್ತೇನೆ, ಆಮೇಲೆ ನೀರು ಕುಡಿಯುತ್ತೇನೆ. ಎತ್ತುವುದಾದರೆ ಎತ್ತಿದ್ದು ಯಾರನ್ನು ಎಂದು ಬಗ್ಗಿ ನೋಡಬೇಕೆಂಬುದಷ್ಟೇ ನನಗೆ ಗೊತ್ತಾಗಿರುವುದು.

ಮೊನ್ನೆ ನಾನು ಅಲ್ಲಿದ್ದಾಗ ಒಂದು ಸರ್ಕಾರಿ ಜೀಪು ಶೆಡ್ಡಿನ ಮುಂದೆ ಬಂದು ನಿಂತಿತು. ಚಾಲಕ ಇಳಿದು ತಲೆ ಕೆರೆದುಕೊಂಡ. "ಸೀಟೆಲ್ಲಾ ಹರದ ಹೋಗೇತ್ರಿ, ಸ್ಪ್ರಿಂಗ್ ಚುಚ್ಚಾಕತ್ತಾವ. ಸಾಹೇಬರಿಗೆ ಕುಂಡ್ರಾಕ ಆಗವಲ್ದು. ಹೊಲದ ಕೊಡತೀರೇನ್ರಿ?"

ಶಾಂತವ್ವ ಎದ್ದು ಹೋಗಿ ಜೀಪಿನೊಳಗೆ ಬಗ್ಗಿ ನೋಡಿದಳು. ಹರಿದ ಕವಚದಿಂದ ನಾರು ಹೊರಗೆ ಬಂದಿತ್ತು. ಅದನ್ನು ಬೆರಳಿನಿಂದ ಮೆಲ್ಲಗೆ ಒಳಗೆ ತುರುಕುತ್ತ, ನಮ್ಮ ಕಡೆ ತಿರುಗಿ, ನಾನು ಕಂಡಂತೆ ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕಳು.

"ಅಕ್ಕಾರ, ನೋಡ್ರಿಲ್ಲೆ! ಪಾಪ, ಸರಕಾರಕ್ಕ ನಾವ ಆಸರಾ ಆಗಬೇಕಾತು."

ಗಿರಿಜಕ್ಕ ಟೇಪು ಹಿಡಿದು ಎದ್ದಳು. ಚಾಲಕನಿಗೆ ಕಟ್ಟೆ ತೋರಿಸಿ, "ಕುಂಡ್ರಪಾ, ಚಾ ಕುಡಿ. ಗಟ್ಟಿ ಹೊಲದ ಕೊಡತೇವಿ" ಎಂದಳು.